ಚೀನೀ ಭಾಷೆಯೇ ಏಕೆ?

ವಿದ್ಯೆಗೆಂದು ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಎರಡು ಮಾತು ಕೇಳುವುದು ಹಳೆಯ ಪದ್ಧತಿಯೇ. ಯಾರ ಮಗ, ಯಾವ ಊರು, ಏನು ಕಲಿಯಬೇಕೆಂದು ಬಂದೆ ಎಂದು ಕೇಳಿ, ಮುಖ ನೋಡಿ, ಒಳಕ್ಕೆ ಕರೆಯುವುದೋ ಹಿಂದಕ್ಕೆ ಕಳುಹಿಸುವುದೋ ಗುರುವಿಗೆ ಬಿಟ್ಟದ್ದು. ಇಂದಿನ ವಿಶ್ವವಿದ್ಯಾನಿಲಯಗಳು ಮುಖ ನೋಡುವುದಿಲ್ಲ, ಕಾಗದ ನೋಡುತ್ತವೆ. ಹೊರದೇಶದ ವಿದ್ಯಾಪೀಠಗಳಿಗೆ ಅರ್ಜಿ ಹಾಕುವವರು ಅಂಕಪಟ್ಟಿ, ಶಿಫಾರಸು ಪತ್ರಗಳ ಜೊತೆಗೆ ಇನ್ನೊಂದು ಬರಹವನ್ನೂ ಕಳುಹಿಸಬೇಕು. ಈ ವಿಷಯವನ್ನೇ ಏಕೆ ಆರಿಸಿಕೊಂಡೆ, ಇದನ್ನು ಕಲಿತು ಮುಂದೇನು ಮಾಡುತ್ತೇನೆ ಎಂಬುದನ್ನು ಅದರಲ್ಲಿ ಒಂದೆರಡು ಪುಟಗಳಲ್ಲಿ ಹೇಳಿಕೊಳ್ಳಬೇಕು. ಅದಕ್ಕೆ ಉದ್ದೇಶ ಪತ್ರ ಎಂದು ಹೆಸರು. ಎಷ್ಟೋ ಮಕ್ಕಳ ಭವಿಷ್ಯ ಆ ಎರಡು ಪುಟಗಳ ಮೇಲೆ ನಿಂತಿರುತ್ತದೆ.

ಇದು ಬರವಣಿಗೆಯ ಚಾತುರ್ಯಕ್ಕೆ ಸಂಬಂಧಪಟ್ಟ ವಿಷಯವೆಂದು ಬಹುಮಂದಿ ತಿಳಿದಿದ್ದಾರೆ. ನನಗೆ ಇದು ಧರ್ಮಸೂಕ್ಷ್ಮದ ಪ್ರಶ್ನೆಯಾಗಿ ಕಂಡಿದೆ. ಹಾಗೆ ಕಂಡದ್ದಕ್ಕೆ ಕಾರಣ ತಂಬ್ರಹಳ್ಳಿಯ ಒಬ್ಬ ಹುಡುಗಿ.

ತಂಬ್ರಹಳ್ಳಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಊರು. ತುಂಗಭದ್ರೆಯ ಹಿನ್ನೀರಿಗೆ ಹತ್ತಿರ. ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿತ್ತು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಈ ಹುಡುಗಿ ಪದವಿ ಮುಗಿಸಿ, ಬೆಂಗಳೂರಿನಲ್ಲಿ ಒಂದು ವರ್ಷ ಸಣ್ಣ ಕೆಲಸ ಮಾಡುತ್ತ ಸಂಜೆ ತರಗತಿಯಲ್ಲಿ ಚೀನೀ ಭಾಷೆಯ ಮೊದಲ ಪಾಠಗಳನ್ನು ಕಲಿತು ಬಂದವಳು. ಮುಂದಿನ ಓದಿಗೆ ಹೊರದೇಶದ ವಿಶ್ವವಿದ್ಯಾನಿಲಯವೊಂದರಲ್ಲಿ ವಿದ್ಯಾರ್ಥಿವೇತನದ ಜಾಗವಿದೆ ಎಂದು ತಿಳಿದು, ಅರ್ಜಿ ಬರೆದುಕೊಂಡು, ಹೈಸ್ಕೂಲಿನಲ್ಲಿ ಇಂಗ್ಲಿಷು ಹೇಳಿಕೊಟ್ಟವನು ಎಂಬ ಸಲುಗೆಯಿಂದ ನನ್ನಲ್ಲಿಗೆ ತಿದ್ದಿಸಲು ತಂದಳು.

ಇಂಗ್ಲಿಷು ತಿದ್ದುವುದಕ್ಕೆ ಏನೂ ಇರಲಿಲ್ಲ. ನನಗೆ ಬರುವುದಕ್ಕಿಂತ ಚೆನ್ನಾಗಿಯೇ ಇತ್ತು. ತನ್ನ ಅಜ್ಜಿ ಹ್ಯೂಯೆನ್ ತ್ಸಾಂಗನ ಕತೆಗಳನ್ನು ಹೇಳಿ ಮಲಗಿಸುತ್ತಿದ್ದಳೆಂದೂ, ಅಂದಿನಿಂದ ಆ ಪ್ರಾಚೀನ ನಾಗರಿಕತೆ ತನ್ನನ್ನು ಕೈಬೀಸಿ ಕರೆಯುತ್ತಿದೆಯೆಂದೂ, ಎರಡು ಮಹಾರಾಷ್ಟ್ರಗಳ ನಡುವೆ ಸೇತುವೆಯಾಗುವುದೇ ತನ್ನ ಬಾಳಿನ ಗುರಿಯೆಂದೂ ಅದರಲ್ಲಿ ಬರೆದಿತ್ತು. ಅವಳ ಅಜ್ಜಿಯನ್ನು ನಾನು ಬಲ್ಲೆ.

"ಏನವ್ವಾ, ನಿಮ್ಮಜ್ಜಿ ಹ್ಯೂಯೆನ್ ತ್ಸಾಂಗನ ಕತೆ ಹೇಳುತ್ತಿದ್ದರೇ?" ಎಂದೆ.

"ಇಲ್ಲ ಸಾರ್. ಅಜ್ಜಿಗೆ ಅವನ್ಯಾರಂತಾನೂ ಗೊತ್ತಿಲ್ಲ. ಹಿಂಗೇ ಬರೀಬೇಕಂತ ಸಾರ್, ಎಲ್ರೂ ಹಿಂಗೇ ಬರೀತಾರ."

ಫೋನಿನಲ್ಲಿರುವ ಕೃತಕ ಬುದ್ಧಿಯ ಯಂತ್ರವನ್ನು ಕೇಳಿ ಬರೆಸಿದ್ದಂತೆ. ಅಂದರೆ ಆ ಅಜ್ಜಿ ಯಂತ್ರ ಒದಗಿಸಿದ ಅಜ್ಜಿ. ಇದೇ ಅಜ್ಜಿ ಈ ವರ್ಷ ಇನ್ನೆಷ್ಟು ಮನೆಗಳಲ್ಲಿ ಮೊಮ್ಮಕ್ಕಳನ್ನು ಮಲಗಿಸಿದ್ದಾಳೋ!

ನಗುವುದು ಸುಲಭ. ಆದರೆ ಹುಡುಗಿಯ ವಾದವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಅವಳು ಹೇಳಿದ್ದು ಇಷ್ಟು: ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು, ಇದು ಒಂದು ಶಿಷ್ಟಾಚಾರದ ಮಾತು ಎಂದು. ಕಚೇರಿಗೆ ಬರೆಯುವ ಅರ್ಜಿಯ ಕೊನೆಯಲ್ಲಿ 'ತಮ್ಮ ವಿಧೇಯ' ಎಂದು ರುಜು ಹಾಕುತ್ತೇವೆ. ಹಾಕಿದವನು ವಿಧೇಯನಲ್ಲ, ಓದಿದವನು ಹಾಗೆಂದು ನಂಬುವುದೂ ಇಲ್ಲ. ಅದನ್ನು ಯಾರೂ ಸುಳ್ಳೆಂದು ಕರೆಯುವುದಿಲ್ಲ. ಮೋಸಹೋಗುವವರೇ ಇಲ್ಲದ ಮಾತು ಮೋಸ ಹೇಗಾದೀತು? ಅಲ್ಲದೆ ನಗರದ ಶ್ರೀಮಂತರ ಮಕ್ಕಳು ಹಣ ಕೊಟ್ಟು ಸಲಹೆಗಾರರಿಂದ ಇಂಥ ಪತ್ರ ಬರೆಸುತ್ತಾರೆ. ಅವರು ಬಣ್ಣದ ಸೀರೆ ಉಟ್ಟು ಬಂದ ಸಭೆಗೆ ತಂಬ್ರಹಳ್ಳಿಯವಳು ಮಾತ್ರ ಮಾಸಿದ ಸೀರೆಯಲ್ಲಿ ಹೋಗಬೇಕೆಂಬುದು ಯಾವ ನ್ಯಾಯ?

ಕೊನೆಯ ಪ್ರಶ್ನೆ ನನ್ನನ್ನು ಬಹಳ ಹೊತ್ತು ಕಾಡಿತು. ಸತ್ಯ ಹೇಳು ಎಂದು ಬಡವರ ಮಕ್ಕಳಿಗೆ ಉಪದೇಶಿಸುವುದು ಉಂಡವನು ಉಪವಾಸದ ಮಹಿಮೆ ಹೇಳಿದಂತೆ. ಆದರೂ 'ತಮ್ಮ ವಿಧೇಯ'ದ ಹೋಲಿಕೆ ನಿಲ್ಲುವುದಿಲ್ಲವೆಂದು ನನಗೆ ತೋರುತ್ತದೆ. ಆ ಮಾತಿಗಾಗಿ ಯಾರೂ ಯಾರೊಡನೆಯೂ ಸ್ಪರ್ಧಿಸುವುದಿಲ್ಲ. ಒಬ್ಬನು ಹೆಚ್ಚು ವಿಧೇಯನೆಂದು ಬರೆದು ಇನ್ನೊಬ್ಬನ ಜಾಗ ಕಿತ್ತುಕೊಳ್ಳುವುದಿಲ್ಲ. ಉದ್ದೇಶ ಪತ್ರದಲ್ಲಿ ಜಾಗ ಒಂದು, ಕೇಳುವವರು ನೂರು. ಇಲ್ಲದ ಅಜ್ಜಿ ಇನ್ನಾವಳೋ ನಿಜವಾದ ಮೊಮ್ಮಗಳ ಜಾಗದಲ್ಲಿ ಕುಳಿತುಬಿಡಬಹುದು.

ಅದಿರಲಿ. ಹುಡುಗಿಗೆ ಚೀನೀ ಭಾಷೆ ಏಕೆ ಬೇಕಾಯಿತು? ಕೇಳಿದರೆ "ನಂಗೂ ಸರಿಯಾಗಿ ಗೊತ್ತಿಲ್ಲ ಸಾರ್" ಎಂದಳು. ಆ ಮಧ್ಯಾಹ್ನ ಅವಳಾಡಿದ ಮಾತುಗಳಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಮಾತು ಬೇರೊಂದಿರಲಿಲ್ಲ. ಮಾತನಾಡುತ್ತ ಹೋದಂತೆ ಒಂದೊಂದೇ ಕಾರಣ ಹೊರಗೆ ಬಂತು.

ಒಂದು, ಹೊಟ್ಟೆಪಾಡು. ಚೀನೀ ಭಾಷೆ ಬಲ್ಲವರು ನಮ್ಮಲ್ಲಿ ಕಡಮೆ, ಕಂಪನಿಗಳಲ್ಲಿ ಅಂಥವರಿಗೆ ಒಳ್ಳೆಯ ಸಂಬಳವಿದೆ ಎಂದು ಬೆಂಗಳೂರಿನಲ್ಲಿ ಕೇಳಿದ್ದಳು.

ಇನ್ನೊಂದು, ಬೆಳೆಗೆ ಔಷಧ ಹೊಡೆಯುವ ಪಂಪು. ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿಯ ಪಂಪನ್ನು ಅವಳಪ್ಪ ತಂದಿದ್ದನು. ಅದರ ಗುಂಡಿಯ ಎರಡು ಪಕ್ಕದಲ್ಲಿ ಎರಡು ಚೀನೀ ಅಕ್ಷರಗಳಿದ್ದವು. ಯಾವುದು ಹಚ್ಚುವುದು, ಯಾವುದು ಆರಿಸುವುದು ಎಂದು ಮನೆಯವರು ಬೆರಳಿನ ಅಂದಾಜಿನಲ್ಲಿ ಕಲಿತರು. ಇವಳು ಮಾತ್ರ ಆ ಅಕ್ಷರಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಒಂದಕ್ಕೆ ತೆರೆ ಎಂದೂ ಇನ್ನೊಂದಕ್ಕೆ ಮುಚ್ಚು ಎಂದೂ ಅರ್ಥವೆಂದು ಬಹಳ ದಿನಗಳ ಮೇಲೆ ತಿಳಿಯಿತಂತೆ.

ಮೂರನೆಯದನ್ನು ಹೇಳುವುದಕ್ಕೆ ಅವಳು ಹಿಂಜರಿದಳು. ಅದು ಅದಿರಿನ ವಿಷಯ.

ನಮ್ಮ ಕಡೆಯವರಿಗೆ ಚೀನಾ ಎಂಬುದು ಭೂಪಟದಲ್ಲಿರುವ ದೇಶ ಮಾತ್ರವಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳ ಕಬ್ಬಿಣದ ಅದಿರು ಲಾರಿಗಟ್ಟಲೆ ಇಳಿದು, ಹುಬ್ಬಳ್ಳಿ ಅಂಕೋಲೆಗಳ ಮೇಲೆ ಬೇಲೆಕೇರಿಯ ಬಂದರಿಗೂ ಇತರ ಬಂದರುಗಳಿಗೂ ಹೋಗಿ, ಅಲ್ಲಿಂದ ಹಡಗಿನಲ್ಲಿ ಬಹುಪಾಲು ಚೀನಾಕ್ಕೆ ಹೋಯಿತು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಆ ದೇಶದ ಉಕ್ಕಿನ ಹಸಿವು ಹೆಚ್ಚಿ ಅದಿರಿನ ಬೆಲೆ ಏರಿತು. ಹೊಲ ಅಡವಿಟ್ಟು, ಸಾಲ ಎತ್ತಿ ಲಾರಿ ಕೊಂಡವರು ಊರೂರಲ್ಲಿಯೂ ಹುಟ್ಟಿಕೊಂಡರು. ರಸ್ತೆಯ ಬದಿಯ ಪೈರು, ಮರ, ಮನೆಯ ಮಾಡು ಎಲ್ಲವೂ ಕೆಂಪಾದುವು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಲ್ಲಿಸಿತು. ಮರುವರ್ಷದ ಜುಲೈಯಲ್ಲಿ ಲೋಕಾಯುಕ್ತರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ನಡೆಯುತ್ತಿದ್ದುದು ವ್ಯಾಪಾರವಲ್ಲ, ಲೂಟಿ. ಆದರೆ ಒಂದೇ ಲಾರಿಯ ಒಡೆಯನಿಗೆ ಲೂಟಿಯಲ್ಲಿ ಸಿಕ್ಕ ಪಾಲು ಕಡಮೆ, ತೀರ್ಪಿನಲ್ಲಿ ಸಿಕ್ಕ ಪಾಲು ಹೆಚ್ಚು. ಈ ಹುಡುಗಿಯ ತಂದೆಯ ಲಾರಿ ಎರಡು ಮಳೆಗಾಲ ಜಾಲಿಯ ಗಿಡದ ಕೆಳಗೆ ನಿಂತು, ಆಮೇಲೆ ಸಾಲಕ್ಕೆ ಹೋಯಿತು. ಆಗ ಅವಳಿನ್ನೂ ಪ್ರಾಥಮಿಕ ಶಾಲೆಯವಳು. ಲಾರಿಯಲ್ಲಿ ತುಂಬಿದ್ದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ತಂದೆಯನ್ನು ಕೇಳಿದಾಗ ಚೀನಾಕ್ಕೆ ಎಂದಿದ್ದನಂತೆ. ಅವರು ಅದರಿಂದ ಏನು ಮಾಡುತ್ತಾರೆ, ಇದನ್ನು ಅಗೆದವರು ಯಾರೆಂದು ಅವರಿಗೆ ಗೊತ್ತೇ ಎಂಬ ಪ್ರಶ್ನೆ ಅವಳ ತಲೆಯಲ್ಲಿ ಉಳಿಯಿತು.

"ಇದನ್ನು ಬರೆ" ಎಂದೆ.

"ಹಂಗ ಬರದ್ರೆ ಯಾರು ತಗಂತಾರ ಸಾರ್? ನಮ್ಮಪ್ಪನ ಲಾರಿ ಹೋಯ್ತು ಅಂತ ಅಳ್ತಾ ಕುಂತಂಗಾಗುತ್ತ."

ಅವಳ ಸಂಕೋಚಕ್ಕೆ ಅರ್ಥವಿದೆ. ಕಷ್ಟವನ್ನು ಕಾಗದದ ಮೇಲೆ ಹರಡಿ ಕನಿಕರ ಸಂಪಾದಿಸುವುದೂ ಈಗ ಒಂದು ರೂಢಿಯಾಗಿದೆ. ಕಟ್ಟುಕತೆಯ ಅಜ್ಜಿಗೆ ಇರುವಂತೆಯೇ ನಿಜವಾದ ಬಡತನಕ್ಕೂ ಈ ಸಂತೆಯಲ್ಲಿ ಬೆಲೆ ಇದೆ. ನಿಜವಾದದ್ದನ್ನೆಲ್ಲ ಹೇಳಲೇಬೇಕೆಂಬ ಕಟ್ಟಳೆ ಯಾವ ಧರ್ಮಶಾಸ್ತ್ರದಲ್ಲಿಯೂ ಇಲ್ಲ, ಇರಲೂ ಬಾರದು. ಮನೆಯ ಮಾತನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಬಡವರಿಗೂ ಉಂಟು. ಹೇಳದೆ ಬಿಟ್ಟರೆ ಬಿಡಲಿ. ಆದರೆ ಹೇಳದೆ ಬಿಟ್ಟ ಜಾಗದಲ್ಲಿ ಸುಳ್ಳನ್ನು ತಂದು ಕೂರಿಸಬಾರದು. ಆ ಜಾಗ ಬರಿದಾಗಿಯೇ ಇದ್ದರೆ ತಪ್ಪಿಲ್ಲ.

ಛಾಂದೋಗ್ಯದ ಸತ್ಯಕಾಮನ ಕತೆ ವಾಚಕರಿಗೆ ತಿಳಿದದ್ದೇ. ಗುರು ಗೋತ್ರವನ್ನು ಕೇಳಿದ. ಹುಡುಗನಿಗೆ ಗೊತ್ತಿರಲಿಲ್ಲ, ತಾಯಿಗೂ ಗೊತ್ತಿರಲಿಲ್ಲ. ಆ ಮಾತನ್ನೇ ಹೋಗಿ ಹೇಳಿದ. ನನ್ನ ಗಮನಕ್ಕೆ ಬರುವುದು ಅವನ ಧೈರ್ಯವಲ್ಲ, ಅವನ ಮಿತ. ಗೋತ್ರದ ಜಾಗವನ್ನು ಅವನು ಖಾಲಿ ಬಿಟ್ಟ. ಅಲ್ಲಿ ಇನ್ನೊಂದು ಗೋತ್ರವನ್ನು ತುಂಬಲಿಲ್ಲ, ತನ್ನ ದುಃಖವನ್ನೂ ತುಂಬಲಿಲ್ಲ. ಆದರೆ ಅವನ ಎದುರಿಗೆ ಇದ್ದದ್ದು ಗೌತಮನಂಥ ಗುರು. ಇಂದಿನ ಆಯ್ಕೆಯ ಮಂಡಲಿಯ ಮುಂದೆ ಇರುವುದು ಸಾವಿರ ಅರ್ಜಿಗಳ ರಾಶಿ. ಬರಿದಾದ ಜಾಗವನ್ನು ಕಂಡು ಮೆಚ್ಚುವಷ್ಟು ವ್ಯವಧಾನ ಅವರಿಗೆಲ್ಲಿ? ಇದನ್ನು ನಾನು ಮರೆತಿಲ್ಲ.

ಇಷ್ಟಕ್ಕೂ, ಕಲಿಯುವ ಮುಂಚೆಯೇ ಕಲಿಕೆಯ ಉದ್ದೇಶ ಹೇಳು ಎನ್ನುವುದು ಎಷ್ಟು ಸರಿ? ಯಂತ್ರದ ಅಜ್ಜಿ ಹೆಸರಿಸಿದ ಹ್ಯೂಯೆನ್ ತ್ಸಾಂಗನನ್ನೇ ತೆಗೆದುಕೊಳ್ಳೋಣ. ಅವನು ಪಶ್ಚಿಮಕ್ಕೆ ಹೋಗಿ ಬುದ್ಧನ ನಾಡಿನಲ್ಲಿ ಶಾಸ್ತ್ರ ಕಲಿಯಬೇಕೆಂದು ಅರಮನೆಗೆ ಮನವಿ ಬರೆದುಕೊಂಡ. ಅಪ್ಪಣೆ ಸಿಗಲಿಲ್ಲ. ಗಡಿ ದಾಟಕೂಡದೆಂಬ ಕಟ್ಟಪ್ಪಣೆ ಇದ್ದ ಕಾಲ. ಅವನು ಕದ್ದು ಹೊರಟ. ನಾಲಂದೆಯಲ್ಲಿ ವೃದ್ಧ ಶೀಲಭದ್ರನು ಎಲ್ಲಿಂದ ಬಂದೆ ಎಂದು ಕೇಳಿದಾಗ, ಯೋಗಾಚಾರ ಶಾಸ್ತ್ರವನ್ನು ಕಲಿಯಲು ಚೀನಾದಿಂದ ಬಂದೆನೆಂದು ಹೇಳಿದನೆಂದು ಅವನ ಶಿಷ್ಯರು ಬರೆದ ಚರಿತ್ರೆ ತಿಳಿಸುತ್ತದೆ. ಅಷ್ಟೇ ಉತ್ತರ. ಇಂತಿಷ್ಟು ಕಲಿಯಬೇಕು ಎಂಬುದುಂಟು, ಬಾಳಿನ ಕತೆ ಇಲ್ಲ. ಹದಿನಾರು ಹದಿನೇಳು ವರ್ಷ ಕಳೆದು ಹಿಂದಿರುಗುವಾಗ, ಖೋತಾನಿನಲ್ಲಿ ನಿಂತು ಚಕ್ರವರ್ತಿಗೆ ತಾನು ಏಕೆ ಹೋದೆ, ಏನು ಕಂಡೆ ಎಂದು ವಿಸ್ತಾರವಾಗಿ ಬರೆದ. ಆ ಪತ್ರಕ್ಕೆ ಒಪ್ಪಿಗೆ ಸಿಕ್ಕಿತು. 645ರಲ್ಲಿ 657 ಗ್ರಂಥಗಳೊಡನೆ ಛಾಂಗಾನ್ ನಗರಕ್ಕೆ ಮರಳಿದ. ಉದ್ದೇಶ ಪತ್ರವೆಂದು ಕರೆಯಬಹುದಾದ ಆ ಬರಹ ಪ್ರಯಾಣದ ಕೊನೆಗೆ ಬಂತು! ಮುಂಚೆ ಬರೆದದ್ದಕ್ಕೆ ಬೆಲೆ ಸಿಗಲಿಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ಇನ್ನೊಂದಿದೆ. ನಮ್ಮ ಪುಲಕೇಶಿಯ ವಿಷಯವಾಗಿ ಅವನು ಬರೆದ ಮಾತುಗಳನ್ನು ಕನ್ನಡದ ಮಕ್ಕಳೆಲ್ಲ ಚರಿತ್ರೆಯ ಪಾಠದಲ್ಲಿ ಓದುತ್ತಾರೆ. ಆ ಮಾತುಗಳಿರುವ ಪ್ರವಾಸ ಗ್ರಂಥವನ್ನು ಅವನು ತಾನಾಗಿ ಬರೆಯಲಿಲ್ಲ. ಪಶ್ಚಿಮದ ರಾಜ್ಯಗಳ ಸಮಾಚಾರ ಬೇಕೆಂದು ಚಕ್ರವರ್ತಿ ಕೇಳಿದ್ದರಿಂದ ಸಿದ್ಧಪಡಿಸಿದ. ಅವನ ಮನಸ್ಸಿದ್ದದ್ದು ಸೂತ್ರಗಳ ಅನುವಾದದಲ್ಲಿ. ನಮಗೆ ಉಪಕಾರವಾದದ್ದು ಅವನ ಉದ್ದೇಶದಲ್ಲಿ ಇಲ್ಲದೆ ಇದ್ದ ಕೆಲಸದಿಂದ.

ಸೊಲ್ಲಾಪುರ ನಮ್ಮ ಗಡಿಯ ಊರು, ಅಲ್ಲಿ ಕನ್ನಡಿಗರು ಬಹುಮಂದಿ. ಅಲ್ಲಿಯ ಡಾಕ್ಟರ್ ದ್ವಾರಕಾನಾಥ ಕೋಟಣೀಸರು 1938ರಲ್ಲಿ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ಚೀನಾಕ್ಕೆ ಹೋದರು. ಗಾಯಾಳುಗಳ ಶುಶ್ರೂಷೆಗೆಂದು ಹೋದವರು, ಭಾಷೆ ಕಲಿಯಲಿಕ್ಕೆಂದು ಅಲ್ಲ. ರೋಗಿ ಎಲ್ಲಿ ನೋವು ಎಂದು ಹೇಳುವುದು ವೈದ್ಯನಿಗೆ ತಿಳಿಯಬೇಡವೇ? ಕಲಿತರು. ಆ ಭಾಷೆಯಲ್ಲಿಯೇ ಪಾಠ ಹೇಳುವಷ್ಟು ಕಲಿತರು. ಅಲ್ಲಿಯ ದಾದಿಯೊಬ್ಬರನ್ನು ಮದುವೆಯಾದರು. 1942ರ ಡಿಸೆಂಬರಿನಲ್ಲಿ, 32 ವರ್ಷದ ವಯಸ್ಸಿನಲ್ಲಿ ತೀರಿಕೊಂಡರು. ಆ ವರ್ಷ ಹುಟ್ಟಿದ ಮಗುವಿಗೆ ಇನ್‌ಹುವಾ ಎಂದು ಹೆಸರು. ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಸೇತುವೆ ಎಂಬ ಪದವನ್ನು ಉಪಯೋಗಿಸುವ ಅಧಿಕಾರ ಇಂಥವರಿಗಿದೆ. ಅವರು ಅದನ್ನು ಅರ್ಜಿಯಲ್ಲಿ ಬರೆದು ಹೋಗಿರಲಿಲ್ಲ.

ಇದನ್ನೆಲ್ಲ ಕೇಳಿದ ಒಬ್ಬ ಮಿತ್ರರು, "ಹಾಗಾದರೆ ಉದ್ದೇಶ ಪತ್ರವನ್ನು ಕೇಳುವುದೇ ಅನ್ಯಾಯವೆಂದು ಹೇಳಿಬಿಡಿ" ಎಂದರು. ನಾನು ಹಾಗೆ ಹೇಳಲಾರೆ. ಬರಿಯ ಅಂಕಗಳಿಂದ ಆರಿಸುವುದರಲ್ಲಿ ಬೇರೆ ಅನ್ಯಾಯವಿದೆ. ಕೇಳಲಿ. ಆದರೆ ಕೇಳುವವರೂ ಬರೆಯುವವರೂ ಅದು ಯಾವ ಜಾತಿಯ ಮಾತು ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದು. ನನ್ನ ಮಟ್ಟಿಗೆ ಅದು ನಮ್ಮ ಪೂಜೆಯ ಸಂಕಲ್ಪಕ್ಕೆ ಹತ್ತಿರವಾದದ್ದು.

ಪೂಜೆಗೆ ಕುಳಿತವನು ಏನು ಹೇಳುತ್ತಾನೆ? ದ್ವೀಪ, ವರ್ಷ, ಖಂಡಗಳಿಂದ ತೊಡಗಿ, ನದಿಯ ಯಾವ ದಡ, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ ಎಂದು ಇಳಿದು ಇಳಿದು, ತನ್ನ ಹೆಸರಿಗೆ ಬಂದು ನಿಲ್ಲುತ್ತಾನೆ. ಆಮೇಲೆ ಇಂಥ ಕಾರ್ಯವನ್ನು ಮಾಡುತ್ತೇನೆ ಎನ್ನುತ್ತಾನೆ. ಮಾತೆಲ್ಲ ಸಿದ್ಧವಾದ ಅಚ್ಚಿನದು, ಪುರೋಹಿತರು ಹೇಳಿಸಿದ್ದು. ನಮ್ಮ ಕಡೆ ಗೋದಾವರಿಯ ದಕ್ಷಿಣ ತೀರದಲ್ಲಿ ಎಂದು ಹೇಳಿಸುತ್ತಾರೆ. ಗೋದಾವರಿ ಎಲ್ಲಿ, ತಂಬ್ರಹಳ್ಳಿ ಎಲ್ಲಿ! ಮನೆಯ ಹಿಂದೆ ತುಂಗಭದ್ರೆಯೇ ಇರುವಾಗ ಅಷ್ಟು ದೂರದ ನದಿಯ ಹೆಸರು. ಆದರೂ ಅದು ಸುಳ್ಳಲ್ಲ, ದಕ್ಷಿಣಕ್ಕೆ ಇರುವುದಂತೂ ನಿಜ. ಅಚ್ಚಿನ ಮಾತಾದರೂ ಅದರಲ್ಲಿ ತಾನು ಇಲ್ಲದ ಜಾಗವನ್ನು ತನ್ನದೆಂದು ಹೇಳುವುದಿಲ್ಲ, ತನ್ನದಲ್ಲದ ಹೆಸರನ್ನು ಹೇಳುವುದಿಲ್ಲ. ಇಂದಿನ ದಿನ, ಇಲ್ಲಿ, ನಾನು, ಇದನ್ನು ಮಾಡಲು ಕುಳಿತಿದ್ದೇನೆ.

ಸಂಕಲ್ಪದಲ್ಲಿ ಗತಕಾಲ ಇಲ್ಲವೆಂಬುದನ್ನು ಗಮನಿಸಬೇಕು. ನನಗೆ ಎಳೆಯಂದಿನಿಂದ ಭಕ್ತಿ ಉಕ್ಕುತ್ತಿತ್ತು ಎಂದು ಯಾರೂ ಅಲ್ಲಿ ಹೇಳುವುದಿಲ್ಲ. ಇರುವುದು ನಿಂತ ನೆಲ, ಮುಂದಿನ ಕೆಲಸ. ಮುಂದಿನದನ್ನು ಕುರಿತು ಮನುಷ್ಯನು ತನ್ನ ಶಕ್ತಿಗಿಂತ ಸ್ವಲ್ಪ ಹೆಚ್ಚಾಗಿ ಹೇಳಿದರೂ ಅದು ಸುಳ್ಳಾಗುವುದಿಲ್ಲ. ಅದು ಮಾತು ಕೊಟ್ಟಂತೆ. ನಡೆಸಿದರೆ ನಿಜವಾಗುತ್ತದೆ, ನಡೆಸದಿದ್ದರೆ ಮಾತು ತಪ್ಪಿದಂತಾಗುತ್ತದೆ. ಆ ಲೆಕ್ಕ ಬೇರೆ. ಹಿಂದಿನದನ್ನು ಕುರಿತು ಹೆಚ್ಚಾಗಿ ಹೇಳುವುದಕ್ಕೆ ಈ ಸೌಕರ್ಯ ಇಲ್ಲ. ಆ ಅಜ್ಜಿ ಕತೆ ಹೇಳಲಿಲ್ಲ, ಇನ್ನು ಹೇಳುವಂತೆಯೂ ಇಲ್ಲ.

ಹುಡುಗಿಗೆ ಈ ಸಂಕಲ್ಪದ ಹೋಲಿಕೆ ಅಷ್ಟಾಗಿ ಹಿಡಿಸಲಿಲ್ಲ. ಅವರ ಮನೆಯಲ್ಲಿ ಆ ಪದ್ಧತಿ ಇಲ್ಲ. ಆದರೆ ನಿಂತ ನೆಲ ಎಂಬ ಮಾತು ಹಿಡಿಸಿತು. ಸಂಜೆ ತರಗತಿಯಲ್ಲಿ ಇಲ್ಲಿಯವರೆಗೆ ಏನು ಕಲಿತೆ, ಅದನ್ನು ಹೇಳು ಎಂದೆ. ಆಗ ನೋಡಬೇಕಾಗಿತ್ತು ಅವಳ ಮುಖವನ್ನು. ಬೀಜಿಂಗ್ ಎಂದು ನಾವು ಬರೆಯುವ ಹೆಸರಿನ ಮೊದಲಕ್ಷರ ಆ ಜನರ ಬಾಯಲ್ಲಿ ನಮ್ಮ ಬಕಾರವಲ್ಲವಂತೆ, ಅಲ್ಪಪ್ರಾಣದ ಪಕಾರಕ್ಕೆ ಹತ್ತಿರವಂತೆ. ಅವರಲ್ಲಿ ಭೇದವಿರುವುದು ಪಕಾರಕ್ಕೂ ಉಸಿರು ಕೂಡಿದ ಪಕಾರಕ್ಕೂ. ತರಗತಿಯಲ್ಲಿ ಉಳಿದವರು ಇಂಗ್ಲಿಷಿನ ಮೇಲಿಂದ ಹೋಗಿ ಎಡವುತ್ತಿದ್ದಾಗ, ಕನ್ನಡದ ವರ್ಗೀಯ ವ್ಯಂಜನಗಳನ್ನು ನೆನೆದುಕೊಂಡ ಇವಳಿಗೆ ಅದು ಮೊದಲ ದಿನವೇ ಹಿಡಿಯಿತು. (ಮಾತಿನಲ್ಲಿ ಮಹಾಪ್ರಾಣವನ್ನು ನುಂಗುವ ನಮ್ಮ ಸೀಮೆಯವರಿಗೆ ಅದು ಚೀನೀ ಭಾಷೆಯ ಮೂಲಕ ವಾಪಸು ಬರುವುದಾದರೆ ಬರಲಿ!) ನಾವು ದಿನಾ ಕುಡಿಯುವ ಚಹಾ ಎಂಬ ಪದ ಚೀನಾದಿಂದಲೇ ನಡೆದು ಬಂದದ್ದು. ಒಂದೇ ಉಚ್ಚಾರವನ್ನು ನಾಲ್ಕು ಸ್ವರದಲ್ಲಿ ಹೇಳಿದರೆ ನಾಲ್ಕು ಅರ್ಥ. ಕ್ರಿಯಾಪದಕ್ಕೆ ಭೂತ ಭವಿಷ್ಯತ್ತುಗಳ ಪ್ರತ್ಯಯವೇ ಇಲ್ಲ. ಇದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು. ಸಂಬಳದ ಮಾತಾಗಲಿ ಸೇತುವೆಯ ಮಾತಾಗಲಿ ಅಲ್ಲಿ ಬರಲಿಲ್ಲ.

ನೆಂಟರಿಷ್ಟರಲ್ಲಿ ಕೆಲವರಿಗೆ ಈ ಓದೇ ಸರಿಬರಲಿಲ್ಲ. 1962ರಲ್ಲಿ ಯುದ್ಧ ಮಾಡಿದವರು, 2020ರ ಜೂನಿನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರನ್ನು ಕೊಂದವರು, ಅವರ ಭಾಷೆ ಏಕೆ ಎಂದರು. ನೆರೆಯವನೊಡನೆ ಜಗಳವಿದ್ದರೆ ಅವನು ಏನನ್ನುತ್ತಿದ್ದಾನೆಂದು ತಿಳಿಯುವುದು ಇನ್ನೂ ಅಗತ್ಯ. ರವೀಂದ್ರರು ಶಾಂತಿನಿಕೇತನದಲ್ಲಿ 1937ರಲ್ಲಿ ತೆರೆದ ಚೀನಾ ಭವನ ಎಲ್ಲ ಜಗಳಗಳನ್ನೂ ದಾಟಿ ಇಂದಿಗೂ ಇದೆ. ಈ ಆಕ್ಷೇಪಣೆಗೆ ಇಷ್ಟು ಸಾಕು.

ಪತ್ರವನ್ನು ಅವಳು ಹೊಸದಾಗಿ ತಾನೇ ಬರೆದಳು. ಇಂಗ್ಲಿಷು ಈ ಸಲ ಅಲ್ಲಲ್ಲಿ ಕುಂಟುತ್ತಿತ್ತು, ನನಗೆ ಕೆಲಸ ಸಿಕ್ಕಿತು. ಅಜ್ಜಿ ಹೋಗಿದ್ದಳು. ಪಂಪಿನ ಗುಂಡಿಯ ಎರಡು ಅಕ್ಷರಗಳು ಬಂದಿದ್ದುವು, ಪಕಾರದ ವಿಷಯ ಬಂದಿತ್ತು. ಕೆಲಸ ಸಿಕ್ಕಬೇಕೆಂಬ ಆಸೆಯನ್ನು ಮುಚ್ಚುಮರೆಯಿಲ್ಲದೆ ಒಂದು ವಾಕ್ಯದಲ್ಲಿ ಹೇಳಿದ್ದಳು. ಅದಿರು ಕೂಡ ಇತ್ತು. ತನ್ನ ಜಿಲ್ಲೆಯಿಂದ ಚೀನಾಕ್ಕೆ ಹೋದ ಅದಿರಿನ ವಿಷಯವಾಗಿ ಅಲ್ಲಿಯ ಪತ್ರಿಕೆಗಳು ಆ ವರ್ಷಗಳಲ್ಲಿ ಏನು ಬರೆದುವು ಎಂಬುದನ್ನು ಆ ಭಾಷೆಯಲ್ಲಿಯೇ ಓದಿ ಕನ್ನಡದಲ್ಲಿ ಬರೆಯುತ್ತೇನೆ ಎಂದಿದ್ದಳು. ಲಾರಿ, ಸಾಲ ಯಾವುದೂ ಇರಲಿಲ್ಲ. ಕೇಳಿದೆ. "ಅದು ಅಪ್ಪಂದು ಸಾರ್, ನಂದಲ್ಲ" ಎಂದಳು.

ಕಬ್ಬಿಣದ ಅದಿರು ಎಂಬುದನ್ನು ಚೀನೀ ಭಾಷೆಯಲ್ಲಿ ಹೇಗೆ ಬರೆಯುತ್ತಾರೆ ಎಂದು ಕೇಳಿದ್ದಕ್ಕೆ ಪತ್ರದ ಹಿಂಬದಿಯಲ್ಲಿ ಎರಡು ಅಕ್ಷರ ಬರೆದು ತೋರಿಸಿದಳು. ಮೊದಲನೆಯದರ ಎಡಗಡೆಗೆ ಲೋಹ ಎಂಬುದರ ಗುರುತು, ಎರಡನೆಯದರ ಎಡಗಡೆಗೆ ಕಲ್ಲಿನ ಗುರುತು. ಅರ್ಜಿ ಹೋಗಿದೆ. ಉತ್ತರ ಬರುವುದಕ್ಕೆ ಇನ್ನೂ ಎರಡು ತಿಂಗಳಾಗಬಹುದಂತೆ. ಅಲ್ಲಿಯವರೆಗೆ ದಿನಕ್ಕೆ ಹತ್ತು ಅಕ್ಷರದಂತೆ ಕಲಿಯುತ್ತೇನೆಂದು ಹೇಳಿ ಹೋದಳು. ದಿನಪತ್ರಿಕೆಯೊಂದನ್ನು ಓದುವುದಕ್ಕೆ ಸುಮಾರು 3000 ಅಕ್ಷರಗಳು ಬೇಕಂತೆ.